ವರ್ಡ್‌ನಲ್ಲಿರೋ ಕೋಟೆ ಪುಸ್ತಕಾನ ಲಿಂಕ್ ಇರೋ ಪೇಜ್‌ಗಳಾಗಿ ಮಾಡೋದು ಹೆಂಗೆ, ಆಮೇಲೆ ಅದನ್ನೇ ಪ್ರಿಂಟ್ ಹಾಕ್ಸೋದು ಹೆಂಗೆ?

ನಿಮ್ಮಪ್ಪ ಚಿತ್ರದುರ್ಗದ ಕೋಟೆ ಬಗ್ಗೆ ಬರೆದಿರೋದು ವರ್ಡ್ ಫೈಲಲ್ಲೈತೆ, ಲಿಂಕ್ ಒತ್ತಿ ಓದೋ ಥರ ಆಗ್ಬೇಕು, ಮುಂದೆ ಪ್ರಿಂಟೂ ಬೇಕು ಅಂದಿದೀರಿ. ನಾನು ದಾವಣಗೆರೇಲಿ ಡಿಟಿಪಿ ಮಾಡೋನು, ಇಂಥವು ಆಗಾಗ ಬರ್ತಾವೆ.

ಮೊದ್ಲು ಫಾಂಟ್ ನೋಡ್ರಿ. ಹಳೇ ನುಡಿ, ಬರಹದ ಆಸ್ಕಿ ಫಾಂಟಾದ್ರೆ (ಇಂಗ್ಲಿಷ್ ಅಕ್ಷರದ ಜಾಗಕ್ಕೆ ಕನ್ನಡ ಆಕಾರ ಕೂರಿಸಿದ್ದು) ಬ್ರೌಸರಲ್ಲಿ ಬರೀ ಕಿಚಡಿ ಅಕ್ಷರ ಕಾಣುತ್ತೆ, ಎಲ್ಲಾ ಕಡೆ ಕನ್ನಡ ಕನ್ನಡವಾಗೇ ಕಾಣೋ ಯೂನಿಕೋಡಿಗೆ ಕನ್ವರ್ಟ್ ಮಾಡಿ ಅರ್ಕಾವತ್ತು ಒತ್ತಕ್ಷರ ಎಲ್ಲ ಕಣ್ಣಲ್ಲೇ ಒಂದ್ಸಲ ನೋಡ್ಲೇಬೇಕು. ಆಮೇಲೆ ಅಧ್ಯಾಯದ ಹೆಸರಿಗೆಲ್ಲ ಹೆಡಿಂಗ್ 1, ಒಳಗಿನವಕ್ಕೆ ಹೆಡಿಂಗ್ 2 ಸ್ಟೈಲ್ ಕೊಡ್ರಿ, ಸುಮ್ನೆ ಬೋಲ್ಡ್ ಮಾಡಿ ದಪ್ಪ ಮಾಡಿದ್ರೆ ಕಂಪ್ಯೂಟರಿಗೆ ಅದು ಹೆಡಿಂಗ್ ಅಂತ ಗೊತ್ತಾಗಲ್ಲ. ಇಷ್ಟಾದ್ರೆ ಪ್ಯಾನ್‌ಡಾಕ್ ಸಾಕು, ಜಾನ್ ಮ್ಯಾಕ್‌ಫರ್ಲೇನ್ 2006ರಲ್ಲಿ ಶುರು ಮಾಡಿದ, ವರ್ಡ್ ಫೈಲನ್ನ ವೆಬ್ ಪೇಜಾಗಿ ಬದಲಿಸೋ ಫ್ರೀ ಸಾಫ್ಟ್‌ವೇರು, ಕಮಾಂಡ್ ಟೈಪ್ ಮಾಡ್ಬೇಕು ಅಂತ ಹೆದರ್ಬೇಡ್ರಿ. ವಿಷಯಸೂಚಿಗೆ ಲಿಂಕ್ ಅದೇ ಹಾಕುತ್ತೆ, 3ನೇ ಆವೃತ್ತಿಯಿಂದೀಚೆಗೆ ಅಧ್ಯಾಯಕ್ಕೊಂದು ಪೇಜ್ ಅಂತ ಒಡೆದೂ ಕೊಡುತ್ತೆ.

ಮಶೀನ್ ಕೆಲಸ ಇಲ್ಲಿಗೆ ಮುಗೀತು, ನಿಮ್ಮ ಕೆಲಸ ಇನ್ನೂ ಐತೆ. ಫೈಂಡಲ್ಲಿ ‘ಪುಟ’, ‘ಮೇಲೆ ಹೇಳಿದಂತೆ’, ‘ಹಿಂದೆ ನೋಡಿದೆವು’ ಅಂತ ಹುಡುಕ್ರಿ. ‘ಪುಟ 112 ನೋಡಿ’ ಅಂದ್ರೆ ವೆಬ್ಬಲ್ಲಿ ಪುಟಾನೇ ಇಲ್ವಲ್ಲ, ಅಲ್ಲಿ ಆ ಹೆಡಿಂಗಿಗೆ ಲಿಂಕ್ ಹಾಕ್ಬೇಕು. ಇನ್ನೊಂದು, ಗೂಗಲಿಂದ ಸೀದಾ ಓಬವ್ವನ ಕಿಂಡಿ ಪೇಜಿಗೆ ಬಂದೋರಿಗೆ ‘ಆಗ ಅವನ ಸೈನ್ಯ ಮತ್ತೆ ಬಂತು, 1779ರಲ್ಲಿ ಕೋಟೆ ಬಿತ್ತು’ ಅಂತ ಇದ್ರೆ ಯಾರ ಸೈನ್ಯ ಅಂತ ಹೆಂಗೆ ತಿಳೀಬೇಕು? ಹೈದರಾಲಿ ಅಂತ ಪ್ರತಿ ಪೇಜಲ್ಲೂ ಒಂದ್ಸಲ ಬರೀಲೇಬೇಕು. ಹಂಗಂತ ಮದಕರಿ ನಾಯಕ ಅಂತ ಬಂದಲ್ಲೆಲ್ಲ ಲಿಂಕ್ ಹಾಕೋಕೆ ಹೋಗ್ಬೇಡ್ರಿ, ಪೇಜಿಗೆ ಮೊದಲ ಸಲ ಮಾತ್ರ, ಇಲ್ದಿದ್ರೆ ಎಲ್ಲಾ ನೀಲಿ ನೀಲಿ, ಓದೋಕೇ ಆಗಲ್ಲ.

ವಾಪಸ್ ಪ್ರಿಂಟಿಗೆ ಬರೋದೇ ನಿಜವಾದ ತಲೆನೋವು. ಲಿಂಕಿಗೆ ಹಿಂದೆ ಮುಂದೆ ಇಲ್ಲ, ಕಾಗದಕ್ಕೆ ಬೇಕು. ಕೆಳಗಿನ ಸುತ್ತಿಂದ ಮೇಲಕ್ಕೆ ಹತ್ತಿದಂಗೆ ಹೇಳ್ತೀರೋ, ನಾಯಕರ ಕಾಲದ ಪ್ರಕಾರಾನೋ? ಅಪ್ಪ ಆಗ್ಲೇ ಒಂದು ಕ್ರಮ ಇಟ್ಟಿದಾರಲ್ಲ, ಅದನ್ನ ಕೆಡಿಸ್ಬೇಡ್ರಿ. ವರ್ಡ್ ಫೈಲೇ ಮೂಲ, ಲಿಂಕೂ ತಿದ್ದುಪಡೀನೂ ಎಲ್ಲ ಅದರಲ್ಲೇ ಮಾಡಿ ಪ್ರತಿ ಸಲ ವೆಬ್ ಪೇಜ್ ಹೊಸದಾಗಿ ತೆಗೀರಿ, ವೆಬ್ ಪೇಜಲ್ಲೇ ಕೈ ಹಾಕಿ ತಿದ್ದಿದ್ರೆ ಎರಡೂ ಬೇರೆ ಬೇರೆ ದಾರಿ ಹಿಡೀತಾವೆ. ಪ್ರಿಂಟಿಗೆ ಹೋಗೋ ಕಾಪೀಲಿ ಮಾತ್ರ ವರ್ಡಲ್ಲೇ ಇರೋ ಕ್ರಾಸ್ ರೆಫರೆನ್ಸಿಂದ (ಹೆಡಿಂಗ್ ಯಾವ ಪುಟದಲ್ಲೈತೆ ಅಂತ ವರ್ಡೇ ನೋಡಿ ಹಾಕೋ ಸೌಲಭ್ಯ) ಪುಟದ ನಂಬರ್ ಹಾಕ್ರಿ, ಕೈಯಲ್ಲಿ ಟೈಪ್ ಮಾಡಿದ್ರೆ ಒಂದು ಫೋಟೋ ಸೇರಿಸಿದ್ರೂ ಎಲ್ಲ ತಪ್ಪುತ್ತೆ, ಹೊರಗಿನ ವೆಬ್ ವಿಳಾಸ ಅಡಿಟಿಪ್ಪಣೀಲಿರ್ಲಿ.