1964ರಲ್ಲಿ ಕಮ್ಯುನಿಸ್ಟ್ ಪಕ್ಷ ಒಡೆದದ್ದು ಡಾಂಗೆ ಒಬ್ಬರಿಂದಲೇ?

1994 ಮತ್ತು 2004ರಲ್ಲಿ ಸಿಪಿಎಂ (ಆ ಒಡಕಿನಿಂದ ಹುಟ್ಟಿದ ಮಾರ್ಕ್ಸ್‌ವಾದಿ ಪಕ್ಷ) ಶಾಸಕರನ್ನು ಆರಿಸಿ ಕಳಿಸಿದ ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿಯಲ್ಲಿ, ಒಂದೇ ಇದ್ದ ಪಕ್ಷ ಎರಡಾದದ್ದಕ್ಕೆ ಕಮ್ಯುನಿಸ್ಟ್ ನಾಯಕ ಎಸ್.ಎ. ಡಾಂಗೆಯವರೇ ಕಾರಣವೇ ಎಂಬ ಈ ಪ್ರಶ್ನೆ ಏಳುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಅವರು ನೆಪವಾದರು, ಮೂಲ ಕಾರಣವಾಗಲಿಲ್ಲ.

1962ರ ಜನವರಿಯಲ್ಲಿ ಪ್ರಧಾನ ಕಾರ್ಯದರ್ಶಿ ಅಜಯ್ ಘೋಷ್ ತೀರಿಕೊಂಡಾಗ, ಡಾಂಗೆಯವರಿಗಾಗಿ ಅಧ್ಯಕ್ಷ ಸ್ಥಾನವನ್ನು ಹೊಸದಾಗಿ ಸೃಷ್ಟಿಸಿ, ಇ.ಎಂ.ಎಸ್. ನಂಬೂದಿರಿಪಾಡ್ ಅವರನ್ನು ಪ್ರಧಾನ ಕಾರ್ಯದರ್ಶಿಯನ್ನಾಗಿಸಿದ ರಾಜಿ ಹೆಚ್ಚು ದಿನ ಬಾಳಲಿಲ್ಲ. ಕಾಂಗ್ರೆಸ್‌ನೊಂದಿಗೆ ಎಷ್ಟು ಸಹಕರಿಸಬೇಕು, ಚೀನಾ ಯುದ್ಧದಲ್ಲಿ ಯಾವ ನಿಲುವು ತಾಳಬೇಕು ಎಂಬ ವಿಷಯಗಳಲ್ಲಿ ಬಿರುಕು ಅದಾಗಲೇ ಆಳವಾಗಿತ್ತು. ಅಷ್ಟರಲ್ಲಿ, 1924ರಲ್ಲಿ ಜೈಲಿನಿಂದ ಬ್ರಿಟಿಷರಿಗೆ ಸೇವೆ ಸಲ್ಲಿಸುವುದಾಗಿ ಡಾಂಗೆ ಬರೆದರೆನ್ನಲಾದ ಪತ್ರಗಳು ಬೆಳಕಿಗೆ ಬಂದವು. ಅವರು ಅವನ್ನು ನಕಲಿ ಎಂದರು. ವಿಚಾರಣೆ ನಡೆಯುವಾಗ ಅವರು ಅಧ್ಯಕ್ಷತೆ ವಹಿಸಬಾರದೆಂಬುದು ವಿರೋಧಿಗಳ ಪಟ್ಟಾಗಿತ್ತು (ನ್ಯಾಯವಾದ ಬೇಡಿಕೆಯೇ). ಅದು ಈಡೇರದೆ, 1964ರ ಏಪ್ರಿಲ್ 11ರಂದು ರಾಷ್ಟ್ರೀಯ ಮಂಡಳಿಯ 32 ಸದಸ್ಯರು ಹೊರನಡೆದರು. ವರ್ಷಾಂತ್ಯದೊಳಗೆ ಸಿಪಿಎಂ ರೂಪುಗೊಂಡಿತು.

ಇಂದಿರಾ ಗಾಂಧಿಯವರನ್ನು ಬೆಂಬಲಿಸುವುದನ್ನು ಬಿಡಲೊಪ್ಪದ ಡಾಂಗೆಯವರನ್ನು 1981ರಲ್ಲಿ ಅವರದೇ ಸಿಪಿಐ (ಒಡಕಿನ ಬಳಿಕ ಉಳಿದ ಮೂಲ ಪಕ್ಷ) ಉಚ್ಚಾಟಿಸಿತು.