ಮಲೆನಾಡಿನ ಮನೆಯ ವಾರ್ಡ್‌ರೋಬ್: ಡಬ್ಬ ಕೊಳ್ಳುವ ಮೊದಲು ಗಾಳಿಗೆ ಜಾಗ ಮಾಡಿ

ಮದುವೆಯಾಗಿ ಸಕಲೇಶಪುರದ ಕಡೆ ಬಂದಿದ್ದೀರಿ, ಬೆಡ್‌ರೂಮಿನ ವಾರ್ಡ್‌ರೋಬ್ ಬಾಗಿಲು ಹಾಕಲಾಗದಷ್ಟು ತುಂಬಿದೆ, ಹೋದ ಮಳೆಗಾಲದಲ್ಲಿ ಎರಡು ರೇಷ್ಮೆ ಸೀರೆಗೆ ಬೂಷ್ಟು ಹಿಡಿಯಿತು, ಈಗ ಯಾವ ಆರ್ಗನೈಸರ್ ಡಬ್ಬಗಳನ್ನು ತರಿಸಲಿ ಎಂದು ಕೇಳಿದ್ದೀರಿ. ಸದ್ಯಕ್ಕೆ ಏನನ್ನೂ ತರಿಸಬೇಡಿ. ನಾನು ಮೂಡಿಗೆರೆಯವಳು. ನಮ್ಮ ಕಡೆ ಬೀರು ಕೆಡುವುದು ಜಾಗ ಸಾಲದೆ ಅಲ್ಲ, ಗಾಳಿ ಸಾಲದೆ. ತುರುಕಿಟ್ಟ ಬಟ್ಟೆಯ ನಡುವೆ ಸೇರಿದ ಥಂಡಿ ಹೊರಗೆ ಬರುವುದೇ ಇಲ್ಲ. ತೇವಾಂಶ ಶೇ. 70 ದಾಟಿ ದಿನಗಟ್ಟಲೆ ಹಾಗೇ ನಿಂತರೆ ಬೂಷ್ಟು ಬೆಳೆಯಲು ಅಷ್ಟು ಸಾಕು, ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಮನೆಗಳಲ್ಲಿ ಅದಕ್ಕಿಂತ ಕಡಿಮೆ ಇರುವುದೇ ಅಪರೂಪ. ಹಾಸನ ಪಟ್ಟಣದವರು ಹೇಳುವ ಉಪಾಯಗಳು ಬಾಳ್ಳುಪೇಟೆ ದಾಟಿ ಮಲೆನಾಡಿಗೆ ಬಂದರೆ ನಡೆಯದಿರುವುದು ಇದಕ್ಕೇ.

ಮೊದಲು ಗೋಡೆ ನೋಡಿ. ನಮಗೆ ಮಳೆ ಬಡಿಯುವುದು ಪಶ್ಚಿಮ ಮತ್ತು ನೈರುತ್ಯದಿಂದ. ವಾರ್ಡ್‌ರೋಬ್ ಆ ಕಡೆಯ ಹೊರಗೋಡೆಗೆ ಅಂಟಿಕೊಂಡಿದ್ದರೆ ಎಷ್ಟು ಜೋಡಿಸಿಟ್ಟರೂ ಹಿಂದಿನ ಹಲಗೆಯಿಂದ ಥಂಡಿ ಏರುತ್ತಲೇ ಇರುತ್ತದೆ. ಸ್ಟೀಲ್ ಬೀರುವಾದರೆ ಒಳಗೋಡೆಗೆ ಸರಿಸಿ, ಗೋಡೆಗೂ ಅದಕ್ಕೂ ನಡುವೆ ಕೈ ಹೋಗುವಷ್ಟು ಸಂದು ಬಿಡಿ. ಗೋಡೆಯೊಳಗೇ ಕಟ್ಟಿಸಿದ್ದಾದರೆ ಸರಿಸಲು ಬರುವುದಿಲ್ಲ. ಆಗ ಹಿಂದಿನ ಹಲಗೆಗೆ ಬಟ್ಟೆ ತಾಗದಂತೆ ಮುಂದಕ್ಕೆ ಜೋಡಿಸಿ. ಕೆಳಗಿನ ಅರೆಯಲ್ಲಿ ರೇಷ್ಮೆಯನ್ನಂತೂ ಇಡಲೇಬೇಡಿ.

ಇನ್ನು ಏನನ್ನು ತೆಗೆಯುವುದು ಎಂಬುದು. ನಿಮ್ಮದು ಹೊಸ ಸಂಸಾರ. ಆ ವಾರ್ಡ್‌ರೋಬಿನಲ್ಲಿ ಇರುವುದೆಲ್ಲ ನಿಮ್ಮದೇ ಇರಲಾರದು. ಅತ್ತೆಯವರ ಹಳೇ ಸೀರೆ, ಮದುವೆಯಾಗಿ ಹೋದ ನಾದಿನಿಯ ಚೂಡಿದಾರ, ಮಾವನವರ ಉಲ್ಲನ್ ಕೋಟು, ಯಾರದೋ ಮನೆಯ ಗೃಹಪ್ರವೇಶದಲ್ಲಿ ಕೊಟ್ಟ ಟವೆಲ್ಲು ಎಲ್ಲ ಸೇರಿರುತ್ತವೆ. ಅವನ್ನು ನೀವೊಬ್ಬರೇ ಕೂತು ವಿಂಗಡಿಸಬೇಡಿ. ಬಿಸಿಲಿರುವ ಒಂದು ಮಧ್ಯಾಹ್ನ ಎಲ್ಲವನ್ನೂ ಜಗಲಿಗೆ ತಂದು ಹಾಕಿ, ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. "ಅತ್ತೆ, ಇದನ್ನು ಬಿಸಾಕಲಾ?" ಎಂದರೆ ಯಾರೂ ಹೂಂ ಎನ್ನುವುದಿಲ್ಲ. "ಇದನ್ನು ಯಾರಿಗೆ ಕೊಡೋಣ?" ಎಂದು ಕೇಳಿ. ಅವರಿಗೆ ಒಂದಿಲ್ಲೊಂದು ಹೆಸರು ನೆನಪಾಗುತ್ತದೆ, ಸೀರೆಗೆ ಒಂದು ದಾರಿ ಸಿಗುತ್ತದೆ. ಅವರು ಬಿಡಲಾರೆ ಎಂದದ್ದನ್ನು ಒತ್ತಾಯಿಸದೆ ಅವರ ಕೋಣೆಯ ಪೆಟ್ಟಿಗೆಗೆ ಸೇರಿಸಿ. ನಿಮ್ಮ ವಾರ್ಡ್‌ರೋಬ್ ಹಗುರವಾಯಿತಲ್ಲ, ಸದ್ಯಕ್ಕೆ ಅಷ್ಟು ಸಾಕು.

ನಿಮ್ಮ ಸ್ವಂತ ಬಟ್ಟೆಗೆ ನಾನು ಹೇಳುವ ಅಳತೆ ಒಂದೇ: ಹೋದ ಮಳೆಗಾಲದಿಂದ ಈ ಬೇಸಿಗೆಯವರೆಗೆ ಒಮ್ಮೆಯೂ ಮೈಮೇಲೆ ಹಾಕದ ದಿನಬಳಕೆಯ ಬಟ್ಟೆ ಹೊರಗೆ ಹೋಗಲಿ. ರೇಷ್ಮೆಗೆ ಈ ಅಳತೆ ಬೇಡ, ಅದರ ಲೆಕ್ಕವೇ ಬೇರೆ. ಗಟ್ಟಿಯಿರುವ ಸ್ವೆಟರ್, ಕಂಬಳಿ, ಜರ್ಕಿನ್‌ಗಳನ್ನು ಒಗೆದು ಒಣಗಿಸಿ, ಜೂನ್‌ಗೆ ಮುಂಚೆಯೇ ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಬೇಕಾದವರಿಗೆ ಕೊಡಿ. ಗುಂಡಿ ಕಿತ್ತದ್ದು, ಜಿಪ್ ಹೋದದ್ದನ್ನು ದಯವಿಟ್ಟು ಕೊಡಬೇಡಿ. ಮಳೆಯಲ್ಲಿ ಕೆಲಸ ಮಾಡುವವರಿಗೆ ಹಾಕಿಕೊಳ್ಳಲು ಬರುವ ಬಟ್ಟೆ ಬೇಕು, ನಮ್ಮ ಮನೆಯ ಕಸವಲ್ಲ. ಹರಿದ ಹತ್ತಿಬಟ್ಟೆ ಮನೆಯಲ್ಲೇ ಒರೆಸಲು ಆಗುತ್ತದೆ. ಅರಿಶಿನ ಕುಂಕುಮಕ್ಕೆ ಬಂದ ಬ್ಲೌಸ್ ಪೀಸ್‌ಗಳ ರಾಶಿ ಎಲ್ಲರ ಮನೆಯಲ್ಲೂ ಇದೆ. ಹೊಲಿಸುವಂಥದ್ದನ್ನು ಎತ್ತಿಟ್ಟು ಉಳಿದದ್ದನ್ನು ಒಂದೇ ಪೆಟ್ಟಿಗೆಗೆ ಹಾಕಿಡಿ, ಗೌರಿ ಹಬ್ಬದ ಬಾಗಿನಕ್ಕೆ ಆಗುತ್ತದೆ.

ರೇನ್‌ಕೋಟು, ಒದ್ದೆ ಜರ್ಕಿನ್, ಚರ್ಮದ ಬೆಲ್ಟು, ಚರ್ಮದ ಬ್ಯಾಗು ಯಾವುದೂ ಬೆಡ್‌ರೂಮಿನ ವಾರ್ಡ್‌ರೋಬಿನೊಳಗೆ ಬೇಡ. ಬೂಷ್ಟು ಮೊದಲು ಹತ್ತುವುದೇ ಚರ್ಮಕ್ಕೆ. ಅವಕ್ಕೆ ಬಾಗಿಲ ಹತ್ತಿರ ಗೋಡೆಗೆ ಗೂಟ ಹೊಡೆಸಿ.

ಈಗ ಬೂಷ್ಟು ಹಿಡಿದ ಆ ಎರಡು ಸೀರೆ. ಅವನ್ನು ಒಳಗೆ ಕೊಡವಬೇಡಿ, ಉಳಿದ ಬಟ್ಟೆಗೂ ಹರಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಮೆತ್ತನೆಯ ಬ್ರಷ್‌ನಿಂದ ನೀರು ತಾಗಿಸದೆ ಉಜ್ಜಿ, ನೆರಳಿನಲ್ಲಿ ಗಾಳಿಗೆ ಹರವಿ, ಆಮೇಲೆ ಡ್ರೈಕ್ಲೀನಿಂಗ್‌ಗೆ ಕೊಡುವಾಗ ಬೂಷ್ಟು ಇತ್ತು ಎಂದು ಬಾಯಿಬಿಟ್ಟು ಹೇಳಿ. ವಾಪಸ್ ಬಂದ ಪ್ಲಾಸ್ಟಿಕ್ ಕವರನ್ನು ಅವತ್ತೇ ತೆಗೆದುಹಾಕಿ. ರೇಷ್ಮೆಯನ್ನು ಸುತ್ತಿಡಲು ಬೇಕಾದದ್ದು ಒಗೆದ ಹಳೇ ಹತ್ತಿ ಪಂಚೆಯ ತುಂಡು. ಅಸಲಿ ಜರಿಯಲ್ಲಿ ಬೆಳ್ಳಿಯಿರುತ್ತದೆ, ಥಂಡಿ ಮತ್ತು ಬೆವರು ತಾಗಿದರೆ ಕಪ್ಪಾಗುತ್ತದೆ. ಆದ್ದರಿಂದ ಜರಿಯ ಮೇಲೆ ನೇರವಾಗಿ ಸೆಂಟ್ ಹೊಡೆಯಬೇಡಿ, ನುಸಿಗುಳಿಗೆಯನ್ನೂ ತಾಗಿಸಬೇಡಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ರೇಷ್ಮೆ ಅಲ್ಲೇ ಸೀಳುತ್ತದೆ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ. ಹತ್ತಿ ಸೀರೆಗೆ ಗಂಜಿ ಹಾಕಿ ಮಳೆಗಾಲಕ್ಕೆ ಎತ್ತಿಡುವ ಅಭ್ಯಾಸವಿದ್ದರೆ ಬಿಡಿ. ಬಟ್ಟೆ ತಿನ್ನುವ ಆ ಬೆಳ್ಳಿಹುಳುಗಳಿಗೆ ಗಂಜಿಯೇ ಊಟ.

ನುಸಿಗುಳಿಗೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅದನ್ನೂ ಕರ್ಪೂರವನ್ನೂ ಒಂದೇ ಅರೆಯಲ್ಲಿ ಇಟ್ಟರೆ ಎರಡೂ ಸೇರಿ ಕರಗಿ ಬಟ್ಟೆಗೆ ಕಲೆಯಾಗುತ್ತದೆ, ಯಾವುದಾದರೂ ಒಂದನ್ನೇ ಇಡಿ. ಇದಕ್ಕಿಂತ ಮುಖ್ಯವಾದದ್ದು, ಎಳೆಗೂಸಿನ ಬಟ್ಟೆ, ಹೊದಿಕೆಗಳನ್ನು ನುಸಿಗುಳಿಗೆ ಜೊತೆ ಯಾವತ್ತೂ ಇಡಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಿಗೆ ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ಸೋಂಕಿದರೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏರುತ್ತದೆ, ಜೀವಕ್ಕೇ ಅಪಾಯವಾಗಬಹುದು. ಬಾಣಂತನಕ್ಕೆಂದು ಎತ್ತಿಟ್ಟ ಹಳೇ ಬಟ್ಟೆಗಳನ್ನು ತೆಗೆಯುವಾಗ ಇದು ನೆನಪಿರಲಿ. ನಾನು ಲಾವಂಚದ ಬೇರನ್ನೇ ಸಣ್ಣ ಬಟ್ಟೆಯಲ್ಲಿ ಕಟ್ಟಿ ಇಡುತ್ತೇನೆ. ವಾಸನೆ ಹಿತವಾಗಿರುತ್ತದೆ, ಥಂಡಿಯನ್ನು ಮಾತ್ರ ಅದು ತಡೆಯುವುದಿಲ್ಲ. ಥಂಡಿಗೆ ದುಡ್ಡು ಹಾಕುವುದಾದರೆ ನೀರು ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬ ತನ್ನಿ. ಅದರಲ್ಲಿ ಸೇರಿದ ನೀರು ಬಟ್ಟೆಗೆ ಚೆಲ್ಲಿದರೆ ಬಟ್ಟೆ ಹಾಳು, ಮಕ್ಕಳ ಕೈಗೂ ಸಿಗಬಾರದು, ಹಾಗಾಗಿ ಕೆಳಗಿನ ಅರೆಯ ಮೂಲೆಯಲ್ಲಿ ಅಲುಗದಂತೆ ಇಡಿ.

ವಾಪಸ್ ಜೋಡಿಸುವಾಗ ಹ್ಯಾಂಗರ್‌ಗಳ ನಡುವೆ ಅಂಗೈ ಸಲೀಸಾಗಿ ಆಡಬೇಕು, ಮಡಿಸಿದ ಸಾಲಿನ ಮೇಲೆ ಮುಂದಿನ ಅರೆಯವರೆಗೆ ಖಾಲಿ ಜಾಗ ಕಾಣಬೇಕು. ಕಾಣದಿದ್ದರೆ ಇನ್ನೂ ತೆಗೆಯುವುದಿದೆ ಎಂದೇ ಅರ್ಥ. ಈ ಕೆಲಸವನ್ನೆಲ್ಲ ಮೃಗಶಿರಾ ಹಿಡಿಯುವ ಮೊದಲು, ಅಂದರೆ ಮೇ ತಿಂಗಳೊಳಗೆ ಮುಗಿಸಿ. ಕಾಫಿ ಒಣಗಿಸಿ ಮುಗಿದ ಕಣ ಆಗ ಖಾಲಿ ಇರುತ್ತದೆ. ಹತ್ತಿ, ಉಲ್ಲನ್ ಬಟ್ಟೆಯನ್ನು ಚೆನ್ನಾಗಿ ಬಿಸಿಲಿಗೆ ಹಾಕಿ, ರೇಷ್ಮೆಯನ್ನು ನೆರಳಿಗೆ.

ಮಳೆಗಾಲದಲ್ಲಿ ಮಂಜು ಕವಿದ ದಿನ ಬಾಗಿಲು ತೆರೆದಿಟ್ಟರೆ ಥಂಡಿ ಒಳಗೇ ಬರುತ್ತದೆ. ಮಳೆ ಬಿಟ್ಟು ಹೊಳವಾದ ದಿನ ತೆರೆದು ಫ್ಯಾನ್ ಹಾಕಿ. ಬಚ್ಚಲೊಲೆಯ ಮೇಲೆ ಒಣಗಿಸಿದ ಬಟ್ಟೆಯ ಹೊಲಿಗೆ, ಕಾಲರ್, ಸೊಂಟಪಟ್ಟಿ ಮುಟ್ಟಿ ನೋಡದೆ ಒಳಗಿಡಬೇಡಿ. ಇಸ್ತ್ರಿ ಮಾಡಿದ್ದನ್ನೂ ಬಿಸಿ ಆರಿದ ಮೇಲೆಯೇ ಇಡಿ. ಗೌರಿ ಹಬ್ಬಕ್ಕೆ ಉಟ್ಟ ಸೀರೆಯನ್ನು ಅದೇ ರಾತ್ರಿ ಮಡಿಸದೆ, ಬೆವರು ಪೂರ್ತಿ ಆರುವವರೆಗೆ ಕೋಣೆಯೊಳಗೆ ಹಗ್ಗದ ಮೇಲೆ ಹರವಿಡಿ.