ಗುಜರಿಯಲ್ಲಿ ಸಿಕ್ಕ ಮೂರು ಹೂದಾನಿ: ಬಿಳಿ ಪದರ ತೆಗೆಯೋದು, ಹಳೇದೋ ಹೊಸದೋ ನೋಡೋದು

ದುರ್ಗದ ಅಕ್ಕಾರೆ, ದಾವಣಗೆರೆ ಗುಜರಿ ಅಂಗಡಿಯಿಂದ ತಂದ ಮೂರು ಹೂದಾನಿಯ ಫೋಟೋ ನೋಡಿದೆ. ಒಳಗೆಲ್ಲ ಬಿಳಿ ಕಟ್ಟಿದ ಕಟ್ ಗ್ಲಾಸಿನದೊಂದು, ಎಣ್ಣೆ ಬಿದ್ದ ನೀರಿನ ಹಾಗೆ ಮಿರುಗುವ ಕಿತ್ತಳೆ ಬಣ್ಣದ್ದೊಂದು, ತಿಳಿ ಹಸಿರಿನದೊಂದು. ಹಳೇವು ಹೌದಾ, ಬಿಳಿ ಹೇಗೆ ತೆಗೀಲಿ ಅಂತ ಕೇಳಿದ್ದೀರಿ. ಮೇಲೆ ಒಬ್ಬರು ಮೂರಕ್ಕೂ ಟಾಯ್ಲೆಟ್ ಆಸಿಡ್ ಹಾಕಿ ಅಂದಿದ್ದಾರೆ. ದಯವಿಟ್ಟು ಬೇಡ. ಗಾಜು ಉಳಿದರೂ ಮೇಲಿನ ಮಿರುಗು, ಬಂಗಾರದ ಗೆರೆ ಉಳಿಯೋದಿಲ್ಲ.

ಬಿಳಿ ಪದರದಲ್ಲಿ ಎರಡು ಜಾತಿ. ಒಂದು ಬೋರ್ ನೀರಿನ ಸುಣ್ಣ, ಗೀಸರ್ ಕಾಯಿಲ್‌ಗೆ ಕಟ್ಟುತ್ತಲ್ಲ, ಅದೇ. ಇನ್ನೊಂದು ಗಾಜೇ ಸವೆದದ್ದು: ತಿಂಗಳುಗಟ್ಟಲೆ ನೀರು ನಿಂತರೆ ಗಾಜಿನೊಳಗಿನ ಸೋಡಾ ನೀರಿಗೆ ಇಳಿಯುತ್ತದೆ, ಆ ಕ್ಷಾರ ತಿರುಗಿ ಗಾಜನ್ನೇ ತಿನ್ನುತ್ತದೆ. ಒದ್ದೆ ಮಾಡಿದರೆ ಎರಡೂ ಮಾಯ, ಒಣಗಿದರೆ ಎರಡೂ ವಾಪಸ್. ಹಾಗಾಗಿ ನೀರು ಹಾಕಿ ನೋಡಿದರೆ ಏನೂ ಗೊತ್ತಾಗೋದಿಲ್ಲ. ಕೆಲವು ಅಂಗಡಿಯವರು ಒಳಗೆ ಎಣ್ಣೆ ಸವರಿ ಮಾರುವುದೂ ಇದಕ್ಕೇ. ಕೊಳ್ಳುವಾಗ ಟಿಶ್ಯೂ ಪೇಪರ್ ಒಳಗೆ ಆಡಿಸಿ ಮೂಸಿ ನೋಡಿ.

ಗೊತ್ತಾಗುವುದು ಹುಳಿಯಿಂದ. ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) 30 ಗ್ರಾಂ, ಉಗುರು ಬೆಚ್ಚಗಿನ ನೀರು 1 ಲೀಟರ್. ಕುದಿ ನೀರು ಬೇಡ, ದಪ್ಪ ತಳದ ಗಾಜು ಟಪ್ಪನೆ ಸೀಳುತ್ತದೆ. ಬಿಳಿ ಗೆರೆಯಿಂದ ಎರಡು ಬೆರಳು ಮೇಲಕ್ಕೆ ಬರುವಂತೆ ತುಂಬಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚೆಲ್ಲಿ, ಎರಡು ಚಮಚ ಅಕ್ಕಿ ನುಚ್ಚು, ಅರ್ಧ ಲೋಟ ನೀರು, ಒಂದು ಹನಿ ಪಾತ್ರೆ ಸೋಪು ಹಾಕಿ ಸುತ್ತಿಸಿ. ಮರಳು, ಸ್ಟೀಲ್ ಉಜ್ಜು ಬೇಡ. ಸಿಂಕ್‌ನಲ್ಲೂ ಬೇಡ, ಪ್ಲಾಸ್ಟಿಕ್ ಟಬ್ಬಿನೊಳಗೆ ಟವೆಲ್ ಹಾಸಿಕೊಂಡು ತೊಳೆಯಿರಿ. ನಲ್ಲಿಯ ಮೂತಿಗೆ ತಾಗಿಯೇ ಎಷ್ಟೋ ಬಾಯಂಚು ಹೋಗಿವೆ. ಕೊನೇ ತೊಳೆತ ಮಾತ್ರ ಕುಡಿಯುವ ನೀರಿನ ಘಟಕದ ಕ್ಯಾನ್ ನೀರಲ್ಲಿ. ಬೋರ್ ನೀರಲ್ಲೇ ಮುಗಿಸಿದರೆ ತೆಗೆದ ಸುಣ್ಣವನ್ನೇ ಮತ್ತೆ ಹಚ್ಚಿದ ಹಾಗೆ. ಬೋರಲು ಹಾಕುವಾಗ ಒಂದು ಬದಿಗೆ ಕಡ್ಡಿ ಕೊಟ್ಟು ಓರೆಯಾಗಿಡಿ, ಒಳಗೆ ಗಾಳಿ ಆಡಬೇಕು.

ಎರಡು ರಾತ್ರಿಗೂ ಬಿಳಿ ಜಗ್ಗದಿದ್ದರೆ ಅದು ಸವೆತ. ಆಮೇಲೆ ಪಾಲಿಶ್ ಮಾಡಿ ತೆಗೆಯುವುದೊಂದೇ ದಾರಿ, ಕಿರಿದಾದ ಕುತ್ತಿಗೆಯೊಳಗೆ ಆ ಕೆಲಸ ಸಾಗೋದಿಲ್ಲ. ಅದನ್ನು ಹಾಗೇ ಒಣಗಿಸಿ ಇಟ್ಟುಕೊಳ್ಳಿ, ನೀರು ಹಾಕಬೇಡಿ.

ಅದೇ ಕಟ್ ಗ್ಲಾಸು ಸೀಸದ ಕ್ರಿಸ್ಟಲ್ಲೋ ಮಾಮೂಲಿ ಗಾಜೋ ಅಂತ ಬೆರಳಲ್ಲಿ ಬಡಿದು ಶಬ್ದ ಕೇಳಿ ನಿರ್ಧರಿಸಬೇಡಿ, ದಪ್ಪ ಹೂದಾನಿ ಸರಿಯಾಗಿ ಮೊಳಗೋದಿಲ್ಲ. ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಕುತ್ತಿಗೆಗೆ ನೈಲಾನ್ ದಾರ ಬಿಗಿದು ಒಣಗಿದ್ದಾಗ ತೂಗಿ. ಆಮೇಲೆ ಬಕೆಟ್ ನೀರಲ್ಲಿ ಪೂರ್ತಿ ಮುಳುಗಿಸಿ, ಒಳಗಿನ ಗಾಳಿಯೆಲ್ಲ ಹೋದ ಮೇಲೆ, ತಳಕ್ಕೆ ತಾಗದಂತೆ ತೂಗಿ. ಒಣ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿ. 1,200 ಗ್ರಾಂ ಇದ್ದದ್ದು ನೀರಲ್ಲಿ 720 ಆದರೆ 2.5, ಮಾಮೂಲಿ ಗಾಜು. 800 ಆದರೆ 3, ಸೀಸ ಇದೆ. ಇನ್ನು ಕೆತ್ತನೆ: ಕೈಯಲ್ಲಿ ಕೊರೆದದ್ದರ ಏಣು ಬೆರಳಿಗೆ ಚುರುಕಾಗಿ ತಾಗುತ್ತದೆ, ಅಚ್ಚಲ್ಲಿ ಒತ್ತಿದ್ದರ ಏಣು ಮೊಂಡು, ಚಿತ್ತಾರದ ಮೇಲೆ ಹಾದುಹೋಗುವ ಕೂಡುಗೆರೆಯೂ ಸಿಗಬಹುದು. ಚೆಕೊಸ್ಲೊವಾಕಿಯಾ ಅಂತ ಚೀಟಿ ಇದ್ದು, ಅದು ಅಸಲಿಯಾದರೆ 1918ರಿಂದ 1992ರ ಒಳಗಿನದು.

ಕಿತ್ತಳೆಯದು ಕಾರ್ನಿವಲ್ ಗ್ಲಾಸ್ ಜಾತಿ. ಅಚ್ಚಿನ ಗಾಜು ಬಿಸಿಯಿದ್ದಾಗಲೇ ಲೋಹದ ಲವಣ ಸಿಂಪಡಿಸಿ ಆ ಮಿರುಗು ತರುತ್ತಾರೆ. ಅಮೆರಿಕದ್ದು ಅಂತ ಹಿಗ್ಗುವ ಮುಂಚೆ ತಳ ನೋಡಿ. ಬಳೆಗೆ ಹೆಸರಾದ ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್ ಇಂಥ ಹೂದಾನಿ ಮಾಡುತ್ತಿತ್ತು, ಮೀನು, ಆನೆಯ ಆಕಾರದವೂ ಇವೆ, ಕೆಲವಕ್ಕೆ ಇಂಗ್ಲಿಷಲ್ಲಿ ಜೈನ್ ಅಂತ ಅಚ್ಚಲ್ಲೇ ಮೂಡಿದೆ. ನಮ್ಮ ದೇಶದ್ದು ಅಂತ ಅಸಡ್ಡೆ ಮಾಡಬೇಡಿ, ವಿದೇಶಿ ಸಂಗ್ರಾಹಕರೇ ಹುಡುಕುತ್ತಾರೆ. ತಳದಂಚಲ್ಲಿ ಉಗುರಿಂದ ಕೆರೆದಾಗ ಬಣ್ಣ ಸಿಪ್ಪೆ ಎದ್ದರೆ ಅದು ಈಚೆಗೆ ಹೊಡೆದ ಸ್ಪ್ರೇ ಪೇಂಟ್. ಇದಕ್ಕೆ ನಿಂಬೆ ಉಪ್ಪೂ ಬೇಡ, ಸೋಪು ನೀರಷ್ಟೇ.

ಹಸಿರಿನದಕ್ಕೆ ಕತ್ತಲೆ ಕೋಣೆಯಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಡಿ. ಇಡೀ ಮೈ ಕಣ್ಣು ಕೋರೈಸುವ ಹಸಿರಾಗಿ ಬೆಳಗಿದರೆ ಯುರೇನಿಯಂ ಬೆರೆಸಿದ ಗಾಜು. ಮಂಕು ಹಸಿರು ಬಂದರೆ ಬಹುಶಃ ಮ್ಯಾಂಗನೀಸ್. ಯುರೇನಿಯಂ ಗಾಜನ್ನು ಈಗಲೂ ಮಾಡುತ್ತಾರೆ, ಹೊಳೆದ ಮಾತ್ರಕ್ಕೆ ಹಳೇದಲ್ಲ. ಶೋಕೇಸಲ್ಲಿಡಲು ತೊಂದರೆಯಿಲ್ಲ, ಉಜ್ಜಿ ಪುಡಿ ಎಬ್ಬಿಸಬೇಡಿ.

ವಯಸ್ಸಿಗೆ ಮೂರರ ತಳವನ್ನೂ ಭೂತಗನ್ನಡಿಯಲ್ಲಿ ನೋಡಿ. ನಿಜವಾದ ಸವೆತ ನೆಲಕ್ಕೆ ತಾಗುವ ಅಂಚಲ್ಲಷ್ಟೇ ಇರುತ್ತದೆ, ಗೀರುಗಳು ದಿಕ್ಕುದೆಸೆಯಿಲ್ಲದೆ ಹೋಗಿರುತ್ತವೆ. ಎಲ್ಲ ಒಂದೇ ದಿಕ್ಕಿಗಿದ್ದರೆ ಉಪ್ಪುಕಾಗದದ ಕೈವಾಡ. ಬಾಯಂಚು ಮಂಕಾಗಿ ಚಪ್ಪಟೆಯಾಗಿದ್ದರೆ ಚಕ್ಕೆ ಎದ್ದದ್ದನ್ನು ಸಾಣೆ ಹಿಡಿದು ಮುಚ್ಚಿರಬಹುದು, ಅಂಥದಕ್ಕೆ ನಾನಾದರೆ ಅರ್ಧ ಬೆಲೆಯನ್ನೂ ಕೊಡೆನು.

ಆಷಾಢದ ಗಾಳಿಗೆ ಹಾರುವ ಕರ್ಟನ್ ಹತ್ತಿರ ಇವನ್ನು ಇಡಬೇಡಿ. ಹಸಿರಿನದರ ತಳದ ಫೋಟೋ ಇನ್ನೊಮ್ಮೆ ಹಾಕಿ, ಫ್ಲಾಶ್ ಇಲ್ಲದೆ, ಬೆಳಕು ಪಕ್ಕದಿಂದ ಬೀಳುವ ಹಾಗೆ. ನಡುವೆ ಒರಟು ಗಾಯದ ಗುರುತಿದ್ದ ಹಾಗಿದೆ. ಹೌದಾದರೆ ಅದು ಕಬ್ಬಿಣದ ಸಲಾಕೆಗೆ ಅಂಟಿಸಿ ಕೈಯಲ್ಲಿ ಬಾಯಿ ತಿದ್ದಿದ ಗಾಜು.